ಬಾಯಿಬಿಟ್ಟು ಕೇಳಿ: ಈ ಸಲ ಪೂರ್ತಿ ದವಡೆಯದೇ ಪ್ರಶ್ನೆಗಳು

ಎರಡು ವಾರ ಕಳೆದರೂ ಮಾಯದ ಬಾಯಿಹುಣ್ಣನ್ನು ತೋರಿಸಿಕೊಳ್ಳಿ ಎಂದು ಹಿಂದಿನ ಸಂಚಿಕೆಯಲ್ಲಿ ಬರೆದಿದ್ದೆ. ಹುಣ್ಣಿನ ಬಗ್ಗೆ ಪ್ರಶ್ನೆ ಬರುತ್ತವೆ ಅಂದುಕೊಂಡರೆ, ಬಂದ ಪತ್ರಗಳಲ್ಲಿ ಹೆಚ್ಚಿನವು ಮೂಳೆಯ ಮೇಲೆ. ದವಡೆ ಕೊಯ್ಯುತ್ತಾರಂತೆ, ಮುಖ ಸೊಟ್ಟಗಾಗುತ್ತದಂತೆ, ಕಾಲಿನ ಎಲುಬನ್ನು ತಂದು ಬಾಯಿಗೆ ಹಾಕುತ್ತಾರಂತೆ. ಶಿವಮೊಗ್ಗದಲ್ಲಿ ಬಾಯಿ ಮತ್ತು ದವಡೆಯ ಶಸ್ತ್ರಚಿಕಿತ್ಸಕಿಯಾಗಿ ಇಷ್ಟು ಕಾಲ ಕೆಲಸ ಮಾಡಿದ ನಾನು ಹೇಳುವುದಾದರೆ, ಈ ಅಂತೆಕಂತೆಗಳಲ್ಲಿ ಅರ್ಧಕ್ಕರ್ಧ ನಿಜ. ಕಷ್ಟ ಏನೆಂದರೆ, ಯಾವ ಅರ್ಧ ನಿಜ ಎಂಬುದು ರೋಗಿಗೆ ಗೊತ್ತಾಗುವುದು ಬಹಳ ಸಲ ಆಪರೇಷನ್ ಮುಗಿದ ಮೇಲೆ. ಹಾಗಾಗಿ ಈ ಸಲದ ಜಾಗವನ್ನೆಲ್ಲ ದವಡೆಗೇ ಬಿಟ್ಟಿದ್ದೇನೆ. ಹೆಸರು ಹಾಕಬೇಡಿ ಎಂದವರ ಹೆಸರು ಹಾಕಿಲ್ಲ. ಹಾಕಿ ಎಂದವರದ್ದೂ ಹಾಕಿಲ್ಲ.

ಪ್ರಶ್ನೆ: ಅಪ್ಪನಿಗೆ 66 ವರ್ಷ. ಹಲ್ಲೆಲ್ಲ ಉದುರಿ ಬಹಳ ವರ್ಷಗಳಾದವು. ಕೆಳ ಒಸಡಿನ ಮೇಲೆ ಸಣ್ಣ ಗಂಟು ಎದ್ದು, ಬಯಾಪ್ಸಿಯಲ್ಲಿ ಕ್ಯಾನ್ಸರ್ ಅಂತ ಬಂತು. ಎಕ್ಸ್‌ರೇ ನೋಡಿ ಮೂಳೆಗೆ ಏನೂ ಆಗಿಲ್ಲ ಅಂದರು. ಆದರೂ ದವಡೆಯ ಒಂದು ತುಂಡನ್ನೇ ತೆಗೆಯಬೇಕಂತೆ. ಪಕ್ಕದ ಬೆಡ್ಡಿನವರಿಗೆ ಇದಕ್ಕಿಂತ ದೊಡ್ಡ ಗಂಟು, ಅವರಿಗೆ ಮೇಲಿನ ಅಂಚನ್ನಷ್ಟೇ ತೆಗೆದು ಕಳಿಸಿದರು. ಇದ್ಯಾವ ನ್ಯಾಯ?
— ಮಗಳು, ರಾಣೆಬೆನ್ನೂರು

ಉತ್ತರ: ನ್ಯಾಯ ಇದೆಯಮ್ಮ. ಗಂಟಿನ ಗಾತ್ರ ಬಿಡಿ, ಅಪ್ಪನ ದವಡೆ ಎಷ್ಟು ಎತ್ತರ ಉಳಿದಿದೆ ಅನ್ನುವುದನ್ನು ನೋಡಿ.

ಹಲ್ಲಿರುವ ವಯಸ್ಕರ ಕೆಳದವಡೆ ಮೇಲಿನಿಂದ ಕೆಳಕ್ಕೆ ಸುಮಾರು 3 ಸೆಂಟಿಮೀಟರ್ ಇರುತ್ತದೆ. ಅದರ ಮೇಲ್ಭಾಗ ಬೆಳೆದದ್ದೇ ಹಲ್ಲನ್ನು ಹಿಡಿದುಕೊಳ್ಳಲು. ಹಲ್ಲು ಹೋದ ಮೇಲೆ ಆ ಭಾಗಕ್ಕೆ ಕೆಲಸ ಇಲ್ಲ; ದೇಹ ಅದನ್ನು ವರ್ಷ ವರ್ಷವೂ ಸ್ವಲ್ಪ ಸ್ವಲ್ಪ ಕರಗಿಸುತ್ತಾ ಹೋಗುತ್ತದೆ. ಬೊಚ್ಚುಬಾಯಲ್ಲೇ ದೀರ್ಘಕಾಲ ಕಳೆದವರಲ್ಲಿ ಅದು ಒಂದು ಸೆಂಟಿಮೀಟರಿಗೆ ಇಳಿದಿರುವುದೂ ಉಂಟು. ವಯಸ್ಸಾದವರ ಗದ್ದ ಮುಂದೆ ಚಾಚಿ ಮೂಗಿನ ಹತ್ತಿರ ಬಂದಂತೆ ಕಾಣುತ್ತದಲ್ಲ, ಅದರ ಹಿಂದಿನ ಕಾರಣವೂ ಇದೇ.

ಈಗ ನಮ್ಮ ಲೆಕ್ಕ ಕೇಳಿ. ಗಂಟು ಮೂಳೆಯ ಮೇಲೆ ಕೂತಿದೆ, ಒಳಕ್ಕೆ ಇಳಿದಿಲ್ಲ ಅಂತಾದರೆ ದವಡೆಯ ಮೇಲಂಚನ್ನು ಮಾತ್ರ ತೆಗೆದು ಕೆಳಗಿನ ಪಟ್ಟಿಯನ್ನು ಉಳಿಸಿಕೊಳ್ಳಬಹುದು. ಮುಖದ ಆಕಾರ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಆದರೆ ಉಳಿಯುವ ಪಟ್ಟಿ ಕನಿಷ್ಠ 1 ಸೆಂಟಿಮೀಟರ್ ಆದರೂ ಇರಬೇಕು. ಅದಕ್ಕಿಂತ ತೆಳುವಾದರೆ ಅಗಿಯುವಾಗಲೋ ಆಕಳಿಸುವಾಗಲೋ ಲಟಕ್ಕೆಂದು ಮುರಿಯುತ್ತದೆ. ಪಕ್ಕದ ಬೆಡ್ಡಿನವರಿಗೆ ಹಲ್ಲು, ದವಡೆ ಎರಡೂ ಗಟ್ಟಿಯಾಗಿ ಇದ್ದಿರಬೇಕು. ನಿಮ್ಮ ತಂದೆಗೆ ಉಳಿಸಿಕೊಳ್ಳಲು ಪಟ್ಟಿಯೇ ಇಲ್ಲ. ಹಾಗಾದಾಗ ಮೇಲಿನಿಂದ ಕೆಳಗಿನವರೆಗೆ ಒಂದು ತುಂಡನ್ನೇ ತೆಗೆಯಬೇಕಾಗುತ್ತದೆ.

ಇನ್ನು ಎಕ್ಸ್‌ರೇ. ಮೂಳೆಯ ಖನಿಜಾಂಶ ನೂರಕ್ಕೆ 30ರಿಂದ 50ರಷ್ಟು ಕರಗುವ ತನಕ ಸಾಮಾನ್ಯ ಎಕ್ಸ್‌ರೇಯಲ್ಲಿ ಏನೂ ಕಾಣುವುದಿಲ್ಲ. ‘ಏನೂ ಆಗಿಲ್ಲ’ ಅಂದದ್ದನ್ನು ‘ಇನ್ನೂ ಕಾಣುತ್ತಿಲ್ಲ’ ಅಂತ ಓದಿಕೊಳ್ಳಿ. ಮೂಳೆಯ ಹೊರಪದರ ಸವೆದಿದೆಯೇ ಎಂದು ನೋಡಲು ಸಿ.ಟಿ. ಸ್ಕ್ಯಾನ್ ಬೇಕು, ಒಳಗಿನ ಮಜ್ಜೆಗೆ ಇಳಿದಿದೆಯೇ ಎಂಬುದಕ್ಕೆ ಎಂ.ಆರ್.ಐ. ವಾಸಿ. ಇನ್ನೊಂದು ವಿಚಾರ: ಹಲ್ಲಿಲ್ಲದ ದವಡೆಯ ಮೇಲಂಚಿನಲ್ಲಿ ಗಟ್ಟಿ ಪದರ ಅಲ್ಲಲ್ಲಿ ತೂತುತೂತಾಗಿರುತ್ತದೆ. ಕ್ಯಾನ್ಸರ್‌ಗೆ ಅಲ್ಲಿಂದ ದಾರಿ ಸಲೀಸು.

ಕ್ಯಾನ್ಸರ್ ಮೂಳೆಯನ್ನು ‘ತಿನ್ನುತ್ತದೆ’ ಅಂತ ನಾವೆಲ್ಲ ಮಾತಿಗೆ ಹೇಳುತ್ತೇವೆ. ಕ್ಯಾನ್ಸರ್ ಕೋಶಕ್ಕೆ ಮೂಳೆಯನ್ನು ಕರಗಿಸುವ ಶಕ್ತಿ ತಾನಾಗಿ ಅಷ್ಟಿಲ್ಲ. ನಮ್ಮ ಮೂಳೆಯಲ್ಲೇ ಆಸ್ಟಿಯೋಕ್ಲಾಸ್ಟ್ ಎಂಬ ಕೋಶಗಳಿವೆ. ಹಳೆಯ ಮೂಳೆಯನ್ನು ಕರಗಿಸಿ ಹೊಸದಕ್ಕೆ ಜಾಗ ಮಾಡುವುದು ಅವುಗಳ ದಿನನಿತ್ಯದ ಕೆಲಸ. ಗಂಟು ರಾಸಾಯನಿಕ ಸಂದೇಶ ಕಳಿಸಿ ಅವನ್ನೇ ಮಿತಿಮೀರಿ ದುಡಿಸಿಕೊಳ್ಳುತ್ತದೆ. ಮೊದಮೊದಲು ಮೂಳೆಯ ಮೇಲೆ ನಯವಾದ ಅಂಚಿನ ತಗ್ಗು ಬೀಳುತ್ತದೆ. ಮುಂದುವರಿದರೆ ಅಂಚು ಹರಕಾಗಿ, ಕ್ಯಾನ್ಸರ್ ಕೋಶಗಳು ಮಜ್ಜೆಯೊಳಗೆ ಬೆರಳು ಚಾಚುತ್ತವೆ. ಹರಕು ಅಂಚಿನದು ಹೆಚ್ಚು ಕೆಟ್ಟದ್ದು. ಮೊದಲನೆಯದರಲ್ಲಿ ಮೂಳೆ ಉಳಿಸುವ ಮಾತಾಡಬಹುದು, ಎರಡನೆಯದರಲ್ಲಿ ಆಡಬಾರದು.

ರಿಪೋರ್ಟಿನಲ್ಲಿ ‘ನಾಲ್ಕನೇ ಹಂತ’ ಅಂತ ಬಂದರೆ ಗಾಬರಿಯಾಗಬೇಡಿ. ಮೂಳೆಯ ಹೊರಪದರವನ್ನು ದಾಟಿದ ಕೂಡಲೇ, ಗಂಟು ಎಷ್ಟೇ ಚಿಕ್ಕದಿರಲಿ, ಲೆಕ್ಕದಲ್ಲಿ ಅದು 4-ಎ ಆಗುತ್ತದೆ. ಸಿನಿಮಾದಲ್ಲಿ ಡಾಕ್ಟರು ಕನ್ನಡಕ ತೆಗೆದು ಹೇಳುವ ನಾಲ್ಕನೇ ಹಂತ ಬೇರೆ. ಇದು ಆಪರೇಷನ್ ಮಾಡಿ ಗುಣಪಡಿಸಲು ಪ್ರಯತ್ನಿಸುವ ಹಂತ. ನೀವು ಸರ್ಜನ್ ಹತ್ತಿರ ಈಗ ಕೇಳಬೇಕಾದ್ದು ಬೇರೆಯೇ ಇದೆ: ತೆಗೆಯುವ ತುಂಡು ಗದ್ದದ್ದೋ, ಪಕ್ಕದ್ದೋ? ಆ ಜಾಗಕ್ಕೆ ಮೂಳೆ ಕೂರಿಸುತ್ತೀರೋ, ಮಾಂಸ ಮಾತ್ರವೋ? ಸಹಿ ಹಾಕುವ ಮೊದಲೇ ಕೇಳಿ.

ಪ್ರಶ್ನೆ: ಅಲುಗಾಡುತ್ತಿದ್ದ ಕೆಳದವಡೆಯ ಹಲ್ಲು ಕೀಳಿಸಿ ಒಂದೂವರೆ ತಿಂಗಳಾಯಿತು. ಕುಳಿ ಮಾಯುತ್ತಿಲ್ಲ, ಅದರಲ್ಲಿ ಮಾಂಸ ಬೆಳೆದಂತಿದೆ. ಆ ಕಡೆಯ ಕೆಳತುಟಿ ಮತ್ತು ಗದ್ದ ಜೋಮು ಹಿಡಿದಂತಿವೆ. ನಂಜಾಗಿದೆಯೇ?
— ಓದುಗರು, ಚಳ್ಳಕೆರೆ

ಉತ್ತರ: ಈ ಪತ್ರಿಕೆಯನ್ನು ಮಡಿಸಿಟ್ಟು ನಾಳೆ ಬೆಳಿಗ್ಗೆಯೇ ಹೊರಡಿ. ಕೆಳದವಡೆಯೊಳಗೆ ಒಂದು ಕಾಲುವೆ ಇದೆ, ಅದರಲ್ಲಿ ಹರಿಯುವ ನರ ಗದ್ದದ ಪಕ್ಕ ಹೊರಬಂದು ತುಟಿಗೆ ಸ್ಪರ್ಶ ಕೊಡುತ್ತದೆ. ಆ ಭಾಗ ಜೋಮು ಹಿಡಿಯುವುದೆಂದರೆ ಮೂಳೆಯೊಳಗೆ ಏನೋ ನರವನ್ನು ಒತ್ತುತ್ತಿದೆ ಅಥವಾ ನರಕ್ಕೇ ಹಬ್ಬಿದೆ. ಬರೀ ಸೋಂಕೂ ಇರಬಹುದು. ಆದರೆ ಮಾಯದ ಕುಳಿ, ಅದರಲ್ಲಿ ಮಾಂಸ, ಜೊತೆಗೆ ಜೋಮು ಮೂರೂ ಸೇರಿದಾಗ ಇನ್ನೊಂದು ಕೋರ್ಸ್ ಆಂಟಿಬಯೋಟಿಕ್ ತಿಂದು ಕಾಯುವ ಹಾಗಿಲ್ಲ. ಕುಳಿಯಿಂದ ಚೂರು ತೆಗೆದು ಬಯಾಪ್ಸಿ ಮಾಡಬೇಕು. ‘ಚಾಕು ತಾಗಿದರೆ ಹರಡುತ್ತದೆ’ ಎಂದು ಯಾರಾದರೂ ಹೇಳಿದರೆ ಅವರನ್ನು ಮನೆಯಲ್ಲೇ ಬಿಟ್ಟು ಹೋಗಿ.

ಪ್ರಶ್ನೆ: ನಾನು ಕೊನೆಗಾರ, ಅಡಿಕೆ ಮರ ಹತ್ತುವುದೇ ಜೀವನ. ಬಾಯಿ ಕ್ಯಾನ್ಸರ್‌ಗೆ ದವಡೆ ತೆಗೆದು ಕಾಲಿನ ಮೂಳೆ ಹಾಕುತ್ತೇವೆ ಅಂದಿದ್ದಾರೆ. ಬಾಯಿ ಸರಿ ಮಾಡಲು ಹೋಗಿ ಕಾಲು ಕಳೆದುಕೊಂಡರೆ ಹೆಂಡತಿ ಮಕ್ಕಳ ಗತಿ ಏನು? ಎದೆಯ ಮಾಂಸ ಹಾಕಿದರೂ ನಡೆಯುತ್ತದೆ ಅಂತ ಇನ್ನೊಬ್ಬರು ಹೇಳಿದರು.
— ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಕಾಲು ಹೋಗುವುದಿಲ್ಲ. ಮರ ಹತ್ತುವ ವಿಷಯಕ್ಕೆ ಆಮೇಲೆ ಬರುತ್ತೇನೆ, ಅದರಲ್ಲಿ ಸುಳ್ಳು ಸಮಾಧಾನ ಹೇಳಲಾರೆ.

ಮೊಣಕಾಲಿನ ಕೆಳಗೆ ಎರಡು ಎಲುಬುಗಳಿವೆ. ಮುಂದೆ ಕೈಗೆ ಸಿಗುವ ದಪ್ಪ ಎಲುಬೇ ನಮ್ಮ ಭಾರದ ಬಹುಪಾಲನ್ನು ಹೊರುವುದು. ಹೊರಮಗ್ಗುಲಲ್ಲಿ ಸ್ನಾಯುಗಳ ನಡುವೆ ಅಡಗಿರುವ ತೆಳ್ಳನೆಯದು ಫಿಬುಲಾ. ಮೊಣಕಾಲ ಹತ್ತಿರ ಸ್ವಲ್ಪ, ಹರಡಿನ ಹತ್ತಿರ 6ರಿಂದ 8 ಸೆಂಟಿಮೀಟರ್ ಬಿಟ್ಟು ನಡುವಿನ ಭಾಗವನ್ನು ತೆಗೆದರೆ ನಡಿಗೆಗೆ ತೊಂದರೆಯಿಲ್ಲ. ದೊಡ್ಡವರಲ್ಲಿ 25 ಸೆಂಟಿಮೀಟರ್‌ವರೆಗೂ ಮೂಳೆ ಸಿಗುತ್ತದೆ. ಆಸ್ಟ್ರೇಲಿಯಾದ ಟೇಲರ್ ಎಂಬ ಸರ್ಜನ್ ಈ ಎಲುಬನ್ನು ರಕ್ತನಾಳದ ಸಮೇತ ತೆಗೆದು ಬೇರೆ ಕಡೆ ಕೂರಿಸಬಹುದೆಂದು 1975ರಲ್ಲಿ ತೋರಿಸಿದರು. ಅದನ್ನು ತುಂಡರಿಸಿ ದವಡೆಯ ಬಾಗಿಗೆ ಹೊಂದಿಸುವುದನ್ನು 1989ರಲ್ಲಿ ನ್ಯೂಯಾರ್ಕಿನ ಹಿಡಾಲ್ಗೊ ಪ್ರಕಟಿಸಿದರು. ನಾನು ಓದುವಾಗ ಇದು ಪುಸ್ತಕದ ಚಿತ್ರವಾಗಿತ್ತು. ಈಗ ನಮ್ಮ ರಾಜ್ಯದಲ್ಲೇ ಮಾಡುವವರಿದ್ದಾರೆ.

ನೇರ ಎಲುಬು ದವಡೆಯಾಗುವುದು ಹೇಗೆಂದರೆ, ಲೆಕ್ಕ ಹಾಕಿದ ಕೋನದಲ್ಲಿ ಸಣ್ಣ ಸಣ್ಣ ಬೆಣೆಯಾಕಾರದ ತುಂಡುಗಳನ್ನು ಕತ್ತರಿಸಿ ತೆಗೆಯುತ್ತಾರೆ. ನಮ್ಮ ಬಡಗಿ ಬಾಗಿಲ ಚೌಕಟ್ಟಿಗೆ ಮೂಲೆ ಕೂಡಿಸುವ ಹಾಗೆಯೇ. ಟೈಟೇನಿಯಂ ಪಟ್ಟಿ, ಸ್ಕ್ರೂಗಳಿಂದ ಜೋಡಿಸಿ, ಎಲುಬಿನ ಜೊತೆ ಬಂದ ರಕ್ತನಾಳವನ್ನು ಕುತ್ತಿಗೆಯ ನಾಳಕ್ಕೆ ಸೂಕ್ಷ್ಮದರ್ಶಕದ ಕೆಳಗೆ ಹೊಲಿಯುತ್ತಾರೆ. ನಾಳದ ದಪ್ಪ ಎರಡು ಮೂರು ಮಿಲಿಮೀಟರ್. ಇಡೀ ಕೆಲಸಕ್ಕೆ ಎಂಟು ಹತ್ತು ಗಂಟೆ ಹಿಡಿಯಬಹುದು. ಮೊದಲ ಎರಡು ಮೂರು ದಿನ ನರ್ಸ್ ರಾತ್ರಿಯೆಲ್ಲ ಟಾರ್ಚ್ ಹಿಡಿದು ಬಾಯೊಳಗಿನ ಹೊಸ ಚರ್ಮದ ಬಣ್ಣ ನೋಡುತ್ತಿದ್ದರೆ ಬೇಸರ ಮಾಡಿಕೊಳ್ಳಬೇಡಿ. ನಾಳದಲ್ಲಿ ರಕ್ತ ಹೆಪ್ಪುಗಟ್ಟುವುದು ಹೆಚ್ಚಾಗಿ ಆ ಹೊತ್ತಿನಲ್ಲೇ. ಪರಿಣತರ ಕೈಯಲ್ಲಿ ನೂರಕ್ಕೆ ತೊಂಬತ್ತೈದರ ಆಸುಪಾಸು ಯಶಸ್ವಿಯಾಗುತ್ತವೆ. ಆದರೆ ಬೀಡಿ, ತಂಬಾಕು ಇವತ್ತೇ ನಿಲ್ಲಬೇಕು. ಹೊಲಿದ ಗಾಯ ಮಾಯಲು ಅದು ಬಿಡುವುದಿಲ್ಲ.

ಕಾಲಿನ ಚರ್ಮವೂ ಬಾಯೊಳಗೆ ಬರುವುದರಿಂದ ಅಲ್ಲಿ ಕೂದಲು ಬೆಳೆಯುತ್ತದೆ. ನಗಬೇಡಿ, ಗಂಡಸರು ಒಬ್ಬೊಬ್ಬರಾಗಿ ಬಂದು ಬಾಗಿಲು ಹಾಕಿಕೊಂಡು ಕೇಳುವ ಪ್ರಶ್ನೆ ಇದು. ವಿಕಿರಣ ಕೊಟ್ಟರೆ ಬಹುಮಟ್ಟಿಗೆ ಉದುರಿಹೋಗುತ್ತದೆ. ಇಲ್ಲದಿದ್ದರೆ ಕತ್ತರಿಸಿಕೊಡುತ್ತೇವೆ.

ಎದೆಯ ಮಾಂಸದ ಮಾತು. ಅದೂ ಒಳ್ಳೆಯ ವಿಧಾನವೇ, 1979ರಿಂದ ಬಳಕೆಯಲ್ಲಿದೆ, ನಮ್ಮ ದೇಶದಲ್ಲಿ ಇವತ್ತಿಗೂ ಎಷ್ಟೋ ಸಾವಿರ ಬಾಯಿಗಳನ್ನು ಮುಚ್ಚಿರುವುದು ಅದೇ. ಬೇಗ ಮುಗಿಯುತ್ತದೆ, ಸೂಕ್ಷ್ಮದರ್ಶಕ ಬೇಡ. ಆದರೆ ಅದರಲ್ಲಿ ಮೂಳೆ ಇಲ್ಲ. ಕೋರೆಹಲ್ಲಿನ ಹಿಂದಿನ ಪಕ್ಕದ ತುಂಡು ಮಾತ್ರ ಹೋಗುವುದಾದರೆ ಮೂಳೆಯಿಲ್ಲದೆಯೂ ಎಷ್ಟೋ ಜನ ಸುಧಾರಿಸಿಕೊಂಡಿದ್ದಾರೆ. ಗದ್ದವೇ ಹೋಗುವುದಾದರೆ ನನ್ನ ಅಭಿಪ್ರಾಯ ಖಡಾಖಂಡಿತ: ಮೂಳೆ ಬೇಕು. ನಾಲಿಗೆಯನ್ನು ಮುಂದಕ್ಕೆ ಎಳೆದು ಹಿಡಿಯುವ ಸ್ನಾಯುಗಳು ಗದ್ದದ ಒಳಬದಿಗೆ ಅಂಟಿರುತ್ತವೆ. ಆ ಆಧಾರ ಹೋದರೆ ನಾಲಿಗೆ ಹಿಂದೆ ಕುಸಿಯುತ್ತದೆ, ಕೆಳತುಟಿ ಜೋತುಬೀಳುತ್ತದೆ, ಜೊಲ್ಲು ನಿಲ್ಲುವುದಿಲ್ಲ. ಖರ್ಚು ಕಂಡು ಹಿಂಜರಿಯುವ ಮೊದಲು ‘ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ’ದಲ್ಲಿ ಸಿಗುತ್ತದೆಯೇ ಎಂದು ಆಸ್ಪತ್ರೆಯ ಆರೋಗ್ಯ ಮಿತ್ರರನ್ನು ವಿಚಾರಿಸಿ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಅದರಲ್ಲಿ ಅವಕಾಶವಿದೆ.

ಇನ್ನು ಮರ. ಕೆಲವು ದಿನಗಳಲ್ಲಿ ವಾಕರ್ ಹಿಡಿದು ಓಡಾಡುತ್ತೀರಿ, ತಿಂಗಳುಗಳಲ್ಲಿ ತೋಟದ ಕೆಲಸ ಮಾಡುತ್ತೀರಿ. ಆದರೆ ಕೆಲವರಿಗೆ ಹೆಬ್ಬೆರಳನ್ನು ಬಲವಾಗಿ ಮಡಿಸುವ ಶಕ್ತಿ ಕಡಿಮೆಯಾಗುತ್ತದೆ, ಹರಡು ಮೊದಲಿನಷ್ಟು ಗಟ್ಟಿ ಅನ್ನಿಸುವುದಿಲ್ಲ. ತಳೆ ಕಟ್ಟಿಕೊಂಡು ಪಾದದಲ್ಲೇ ಮರ ತಬ್ಬುವವರಿಗೆ ಇದು ಸಣ್ಣ ವಿಷಯವಲ್ಲ. ಮರ ಹತ್ತುವುದನ್ನು ಬಿಡಿ ಅಂತಲೇ ನಾನು ಹೇಳುವುದು. ಈಗ ಕಾರ್ಬನ್ ಫೈಬರ್ ದೋಟಿಯಲ್ಲಿ ನೆಲದಲ್ಲೇ ನಿಂತು ಕೊನೆ ತೆಗೆಯುವವರು ನಿಮ್ಮ ಊರಲ್ಲೇ ಇರಬೇಕು. ನಿಮ್ಮ ಕಣ್ಣಿನ ಅಂದಾಜಿಗೆ ಬೆಲೆ ಇದ್ದೇ ಇದೆ. ಯಾವ ಕಾಲಿನ ಮೇಲೆ ಹೆಚ್ಚು ಭಾರ ಹಾಕಿ ದುಡಿಯುತ್ತೀರಿ ಅನ್ನುವುದನ್ನೂ ಸರ್ಜನ್‌ಗೆ ಮೊದಲೇ ಹೇಳಿ.

ಪ್ರಶ್ನೆ: ನಮ್ಮ ಯಜಮಾನರು ಬಸ್ ಕಂಡಕ್ಟರ್. ಬಲಗಡೆ ದವಡೆಯ ತುಂಡು ತೆಗೆದು ಎದೆಯ ಮಾಂಸ ಹಾಕಿದ್ದಾರೆ, ಮೂಳೆ ಹಾಕಿಲ್ಲ. ಬಾಯಿ ತೆರೆದರೆ ಗದ್ದ ಬಲಕ್ಕೆ ಓಡುತ್ತದೆ. ಉಳಿದ ಹಲ್ಲುಗಳು ಒಂದಕ್ಕೊಂದು ಕೂಡುವುದಿಲ್ಲ. ಹೀಗಾಗುತ್ತದೆ ಅಂತ ಆಸ್ಪತ್ರೆಯಲ್ಲಿ ಯಾರೂ ಹೇಳಲಿಲ್ಲ. ಕನ್ನಡಿ ನೋಡುವುದನ್ನೇ ಬಿಟ್ಟಿದ್ದಾರೆ.
— ಗದಗ

ಉತ್ತರ: ಹೇಳಬೇಕಿತ್ತು. ಹೇಳದಿದ್ದದ್ದು ತಪ್ಪು.

ಕೆಳದವಡೆ ಕುದುರೆಲಾಳದಂಥ ಒಂದೇ ಮೂಳೆ, ಎರಡು ಕಿವಿಗಳ ಮುಂದಿನ ಕೀಲುಗಳಿಂದ ತೂಗುತ್ತದೆ. ಎರಡೂ ಕಡೆಯ ಸ್ನಾಯುಗಳ ಎಳೆತ ಸಮನಾಗಿದ್ದರೆ ಅದು ನಡುವೆ ನಿಲ್ಲುತ್ತದೆ. ಒಂದು ಕಡೆ ಕೊಂಡಿ ಕಳಚಿತು ಅಂದರೆ, ಉಳಿದ ಭಾಗವನ್ನು ಎಡಗಡೆಯ ಸ್ನಾಯು ಕೊಯ್ದ ಕಡೆಗೇ ತಿರುಗಿಸುತ್ತದೆ. ಬಲಗಡೆಯ ಗಾಯ ಮಾಯುತ್ತಾ ಮಾಯುತ್ತಾ ಬಿಗಿದುಕೊಂಡು ಅದೂ ಎಳೆಯುತ್ತದೆ. ವಿಕಿರಣ ಕೊಟ್ಟಿದ್ದರೆ ಆ ಬಿಗಿತ ಇನ್ನೂ ಹೆಚ್ಚು.

ಇದಕ್ಕೆ ಮಾಡುವುದಿದೆ, ತಡ ಮಾಡಬಾರದಷ್ಟೆ. ಕೃತಕ ದಂತ ತಜ್ಞರ ಹತ್ತಿರ ಹೋಗಿ ‘ಗೈಡ್ ಫ್ಲ್ಯಾಂಜ್’ ಮಾಡಿಕೊಡಿ ಅಂತ ಕೇಳಿ. ಉಳಿದಿರುವ ಹಲ್ಲುಗಳಿಗೆ ಕೂರುವ ಸಣ್ಣ ತಟ್ಟೆ, ಪಕ್ಕದಲ್ಲಿ ಒಂದು ರೆಕ್ಕೆ. ಬಾಯಿ ಮುಚ್ಚುವಾಗ ಆ ರೆಕ್ಕೆ ಮೇಲಿನ ಹಲ್ಲಿಗೆ ಜಾರಿ ದವಡೆಯನ್ನು ಸರಿಯಾದ ಜಾಗಕ್ಕೆ ತರುತ್ತದೆ. ಅನೇಕರಿಗೆ ಕೆಲವು ತಿಂಗಳಲ್ಲಿ ದವಡೆಗೆ ರೂಢಿಯಾಗಿ ಅದರ ಸಹಾಯ ಕಡಿಮೆ ಬೇಕಾಗುತ್ತದೆ. ಅದರ ಜೊತೆ ಕನ್ನಡಿ ಮುಂದೆ ಕೂತು, ಕೈಯಿಂದ ಗದ್ದವನ್ನು ಎಡಕ್ಕೆ ಹಿಡಿದು ಬಾಯಿ ತೆರೆದು ಮುಚ್ಚುವ ಅಭ್ಯಾಸ. ಕನ್ನಡಿ ಬೇಡ ಅನ್ನುವವರಿಗೆ ಕನ್ನಡಿಯೇ ಔಷಧಿ ಅಂತ ಹೇಳುವುದು ನನಗೂ ಕಷ್ಟ. ಮೊದಲು ಬೇಕಾದರೆ ನೀವು ಎದುರು ಕೂತು ‘ಇನ್ನಷ್ಟು ಎಡಕ್ಕೆ’ ಅಂತ ಹೇಳುತ್ತಿರಿ. ರೋಗ ಮರುಕಳಿಸಿಲ್ಲ ಎಂದು ಖಾತ್ರಿಯಾದ ಮೇಲೆ ಮೂಳೆ ಕೂರಿಸುವ ಎರಡನೇ ಆಪರೇಷನ್ ಬಗ್ಗೆಯೂ ಯೋಚಿಸಬಹುದು, ಆದರೆ ಬಿಗಿದುಕೊಂಡ ಜಾಗದಲ್ಲಿ ಅದು ಮೊದಲ ಸಲಕ್ಕಿಂತ ಕಷ್ಟದ ಕೆಲಸ.

ಪ್ರಶ್ನೆ: ನಾಲ್ಕು ವರ್ಷದ ಹಿಂದೆ ನಾಲಿಗೆ ಕ್ಯಾನ್ಸರ್‌ಗೆ ಆಪರೇಷನ್ ಆಗಿ ಕರೆಂಟ್ ಕೊಟ್ಟಿದ್ದರು. ಈಗ ಕೆಳಗಿನ ಹಲ್ಲುಗಳು ಬುಡದಲ್ಲಿ ಕಪ್ಪಾಗಿ ಮುರಿಯುತ್ತಿವೆ. ಊರಿನ ದಂತವೈದ್ಯರು ಒಂದೇ ದಿನದಲ್ಲಿ ಎಲ್ಲ ಕಿತ್ತುಹಾಕೋಣ ಅನ್ನುತ್ತಾರೆ. ನಾಲ್ಕು ವರ್ಷವಾಗಿದೆಯಲ್ಲ, ಕೀಳಿಸಬಹುದೇ?
— ನಿವೃತ್ತ ಶಿಕ್ಷಕಿ, ಕುಮಟಾ

ಉತ್ತರ: ಬೇಡ ಟೀಚರ್, ಕುರ್ಚಿಯಿಂದ ಎದ್ದು ಬನ್ನಿ.

ನೀವು ‘ಕರೆಂಟ್’ ಅಂದದ್ದೇ ವಿಕಿರಣ. ಅದನ್ನು ಕೊಟ್ಟ ದವಡೆ ನೋಡಲು ಮೊದಲಿನಂತೆಯೇ ಇರುತ್ತದೆ. ಒಳಗೆ ಅದರ ಸಣ್ಣ ರಕ್ತನಾಳಗಳು ಮುಚ್ಚಿಹೋಗಿ, ಮೂಳೆ ಕಟ್ಟುವ ಕೋಶಗಳು ಕಡಿಮೆಯಾಗಿರುತ್ತವೆ. ರಕ್ತ ಕಡಿಮೆ, ಕೋಶ ಕಡಿಮೆ, ಆಮ್ಲಜನಕ ಕಡಿಮೆ ಎಂದು ಅಮೆರಿಕದ ಮಾರ್ಕ್ಸ್ ಎಂಬ ಸರ್ಜನ್ 1983ರಲ್ಲಿ ಇದನ್ನು ವಿವರಿಸಿದರು. ಆಮೇಲೆ ಬೇರೆ ವಿವರಣೆಗಳೂ ಬಂದಿವೆ. ರೋಗಿಯ ಪಾಲಿಗೆ ಫಲ ಒಂದೇ. ಅಂಥ ಮೂಳೆಯಿಂದ ಹಲ್ಲು ಕಿತ್ತರೆ ಕೆಲವರಲ್ಲಿ ಕುಳಿ ಮುಚ್ಚುವುದೇ ಇಲ್ಲ. ಮೂಳೆ ಬಾಯೊಳಗೆ ಬೆತ್ತಲಾಗಿ ನಿಲ್ಲುತ್ತದೆ, ಮೂರು ತಿಂಗಳಾದರೂ ಒಸಡು ಅದನ್ನು ಮುಚ್ಚದಿದ್ದರೆ ಅದಕ್ಕೆ ಆಸ್ಟಿಯೋರೇಡಿಯೋನೆಕ್ರೋಸಿಸ್ ಅನ್ನುತ್ತೇವೆ. ಹೆಸರು ಉದ್ದ, ಸಂಕಟ ಅದಕ್ಕಿಂತ ಉದ್ದ. ಕೀವು, ವಾಸನೆ, ಕೆನ್ನೆಗೆ ತೂತು, ಕಡೆಗೆ ದವಡೆ ತನ್ನಷ್ಟಕ್ಕೇ ಮುರಿಯುವುದು. ಮೇಲ್ದವಡೆಗಿಂತ ಕೆಳದವಡೆಗೆ, ಅದರಲ್ಲೂ ಹಿಂದಿನ ಹಲ್ಲುಗಳ ಜಾಗಕ್ಕೆ ಇದು ಹೆಚ್ಚು, ಏಕೆಂದರೆ ಅಲ್ಲಿಯ ಮೂಳೆ ದಪ್ಪ, ರಕ್ತಸಂಚಾರ ಕಡಿಮೆ.

ನಾಲ್ಕು ವರ್ಷ ಕಳೆಯಿತು ಎಂಬ ಧೈರ್ಯ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಈ ಅಪಾಯ ಜೀವನಪೂರ್ತಿ ಇರುತ್ತದೆ. ನಿಮ್ಮ ಡಿಸ್ಚಾರ್ಜ್ ಹಾಳೆಯಲ್ಲಿ ‘60 ಗ್ರೇ’ ಅಥವಾ ಅದಕ್ಕಿಂತ ಹೆಚ್ಚು ಎಂದು ಬರೆದಿರಬೇಕು. ವಾರಕ್ಕೆ ಐದು ದಿನದಂತೆ ಆರು ವಾರ ಹೋಗಿಬಂದಿದ್ದೀರಲ್ಲ, ಅದರ ಮೊತ್ತ ಅದು; ಗ್ರೇ ಅಂದರೆ ವಿಕಿರಣದ ಅಳತೆ. ಆ ಮಟ್ಟದ ವಿಕಿರಣದಲ್ಲಿ ಅಪಾಯ ಏರುತ್ತದೆ. ಆ ಹಾಳೆಯನ್ನು ಫೋಟೋ ತೆಗೆಸಿ ಫೋನಿನಲ್ಲಿ ಇಟ್ಟುಕೊಳ್ಳಿ. ಇನ್ನು ಮುಂದೆ ಯಾವ ದಂತವೈದ್ಯರ ಮುಂದೆ ಬಾಯಿ ತೆರೆದರೂ ಮೊದಲು ಅದನ್ನು ತೋರಿಸಿ.

ಹಾಗಾದರೆ ಮುರಿದ ಹಲ್ಲಿಗೆ ಏನು ಮಾಡುವುದು? ಬೇರು ಉಳಿಸಿ. ಬೇರಿಗೆ ರೂಟ್ ಕೆನಾಲ್ ಮಾಡಿ, ಮೇಲಿನ ಮುರುಕನ್ನು ಒಸಡಿನ ಮಟ್ಟಕ್ಕೆ ಸವರಿ ಮುಚ್ಚಿಬಿಡಬಹುದು. ಅಂದವಾಗಿ ಕಾಣುವುದಿಲ್ಲ, ದವಡೆ ಉಳಿಯುತ್ತದೆ. ಕೀಳಲೇಬೇಕಾದ ಹಲ್ಲಿದ್ದರೆ ದವಡೆ ಶಸ್ತ್ರಚಿಕಿತ್ಸಕರೇ ಮೂಳೆಗೆ ನೋವಾಗದಂತೆ ಒಂದೊಂದಾಗಿ ತೆಗೆಯಬೇಕು. ಮೊದಲೂ ಆಮೇಲೂ ಪೆಂಟಾಕ್ಸಿಫಿಲಿನ್ ಮತ್ತು ವಿಟಮಿನ್ ಇ ಮಾತ್ರೆ ಕೊಡುವ ಪದ್ಧತಿ ಬಹಳ ಕಡೆ ಇದೆ, ವೈದ್ಯರನ್ನು ಕೇಳಿ. ಹಲ್ಲು ಬುಡದಲ್ಲಿ ಕಪ್ಪಾಗುವುದು ಜೊಲ್ಲು ಒಣಗಿದ್ದರಿಂದ. ಫ್ಲೋರೈಡ್ ಜೆಲ್ ದಿನಾ ಹಚ್ಚಬೇಕು, ನೀರಿನ ಬಾಟಲಿ ಕೈಯಲ್ಲೇ ಇರಬೇಕು. ಬಾಯಿ ಒಣಗಿತೆಂದು ಪೆಪ್ಪರ್‌ಮಿಂಟ್ ಚೀಪುವ ಅಭ್ಯಾಸವಿದ್ದರೆ ಬಿಡಿ.

ಇದನ್ನು ಓದುತ್ತಿರುವ ಬೇರೆಯವರಲ್ಲಿ ಯಾರಿಗಾದರೂ ವಿಕಿರಣ ಇನ್ನೂ ಶುರುವಾಗಿಲ್ಲವಾದರೆ, ಉಳಿಯದ ಹಲ್ಲುಗಳನ್ನು ಈಗಲೇ ತೆಗೆಸಿ. ಗಾಯ ಮಾಯಲು ಎರಡು ಮೂರು ವಾರ ಬೇಕು. ಆಪರೇಷನ್ ಆದ ಆರು ವಾರದೊಳಗೆ ವಿಕಿರಣ ಶುರುವಾಗುವುದು ಒಳ್ಳೆಯದಾದ್ದರಿಂದ, ಹಲ್ಲಿನ ಕೆಲಸವನ್ನು ಆಪರೇಷನ್ ಟೇಬಲ್ ಮೇಲೆಯೇ ಮುಗಿಸಿಕೊಳ್ಳುವುದು ಜಾಣತನ. ಹಲ್ಲು ಯಾರೂ ನೋಡದಿದ್ದರೆ ನೀವೇ ನೆನಪಿಸಿ.

ಪ್ರಶ್ನೆ: ವಯಸ್ಸು 22. ಪಾನ್ ಮಸಾಲಾ ಹಾಕುತ್ತೇನೆ, ತಂಬಾಕು ಮುಟ್ಟಿಲ್ಲ. ಬಾಯಲ್ಲಿ ಎರಡು ಬೆರಳಷ್ಟೇ ಹಿಡಿಸುತ್ತದೆ, ಖಾರ ತಿಂದರೆ ಉರಿ. ದವಡೆಯ ಕೀಲು ಜಾಮ್ ಆಗಿದೆಯಾ?
— ಹುಬ್ಬಳ್ಳಿ

ಉತ್ತರ: ನಿನ್ನ ಕೀಲು ಚೆನ್ನಾಗಿಯೇ ಇರಬೇಕು. ಬಿಗಿದಿರುವುದು ಕೆನ್ನೆಯ ಒಳಪದರ. ಅಡಿಕೆಯ ಅರಿಕೋಲಿನ್ ಮತ್ತು ಅದರಲ್ಲಿರುವ ತಾಮ್ರ ಸೇರಿ ಆ ಪದರದಲ್ಲಿ ನಾರು ತುಂಬಿಸುತ್ತವೆ, ನಾರು ಕರಗುವ ದಾರಿಯನ್ನೂ ಕಟ್ಟುತ್ತವೆ. ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂಬ ಈ ಕಾಯಿಲೆಗೆ ತಂಬಾಕು ಬೇಕಿಲ್ಲ, ಅಡಿಕೆ ಸಾಕು. ಬಾಯಿ ಸಾಮಾನ್ಯವಾಗಿ ಮೂರು ಬೆರಳು, ಅಂದರೆ 40 ಮಿಲಿಮೀಟರ್ ಆಸುಪಾಸು ತೆರೆಯಬೇಕು. 35ಕ್ಕಿಂತ ಕಡಿಮೆಯಾದರೆ ನಾವು ಬಿಗಿತ ಎಂದೇ ಬರೆಯುತ್ತೇವೆ. ವರ್ಷಗಟ್ಟಲೆ ಹೀಗೇ ಬಿಟ್ಟರೆ ಅಗಿಯುವ ಸ್ನಾಯುಗಳೂ ಮೊಟುಕಾಗುತ್ತವೆ. ಆಗ ಆಪರೇಷನ್‌ನಲ್ಲಿ ನಾರು ಬಿಡಿಸಿದರೂ ಸಾಲದೆ, ದವಡೆಯ ಮೇಲ್ತುದಿಯಲ್ಲಿ ಸ್ನಾಯು ಅಂಟಿರುವ ಮೂಳೆಯ ಚೂಪನ್ನೂ ಕತ್ತರಿಸಬೇಕಾಗುತ್ತದೆ.

ಕೇರಳದ ಎರ್ನಾಕುಲಂ ಜಿಲ್ಲೆಯಲ್ಲಿ ಈ ಕಾಯಿಲೆಯ 66 ಜನರನ್ನು 17 ವರ್ಷ ಬಿಡದೆ ನೋಡಿದರು. ಐವರಿಗೆ ಬಾಯಿ ಕ್ಯಾನ್ಸರ್ ಬಂತು. ನಿನ್ನ ವಯಸ್ಸಿಗೆ 17 ಕೂಡಿಸಿ ನೋಡು.

ಪೊಟ್ಟಣ ಇವತ್ತೇ ಬಿಡು. ನಾರು ಪೂರ್ತಿ ಹಿಂದೆ ಹೋಗುವುದಿಲ್ಲ, ಮುಂದೆ ಹೋಗುವುದನ್ನು ತಡೆಯಬಹುದು. ಐಸ್‌ಕ್ರೀಂ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲುಗಳ ನಡುವೆ ಇಟ್ಟು ದಿನಕ್ಕೆ ನಾಲ್ಕೈದು ಸಲ ಬಾಯಿ ಹಿಗ್ಗಿಸು, ಸಲೀಸಾದಂತೆ ಒಂದು ಕಡ್ಡಿ ಸೇರಿಸು. ಆರು ತಿಂಗಳಿಗೊಮ್ಮೆ ಬಾಯಿ ತೋರಿಸು, ಬಿಳಿ ಅಥವಾ ಕೆಂಪು ಮಚ್ಚೆ ಕಂಡರೆ ಅವತ್ತೇ.

ಪ್ರಶ್ನೆ: ಸಿಗ್ಮಂಡ್ ಫ್ರಾಯ್ಡ್‌ಗೆ ದವಡೆ ಕ್ಯಾನ್ಸರ್ ಇತ್ತು ಎಂದು ಮನಶ್ಶಾಸ್ತ್ರದ ತರಗತಿಯಲ್ಲಿ ಕೇಳಿದೆ. ದವಡೆ ತೆಗೆದ ಮೇಲೆ ಅಷ್ಟು ವರ್ಷ ಹೇಗೆ ಬದುಕಿದರು?
— ವಿದ್ಯಾರ್ಥಿನಿ, ಮೈಸೂರು

ಉತ್ತರ: ಅವರದ್ದು ಮೇಲ್ದವಡೆ ಮತ್ತು ಅಂಗುಳ. ವಿಪರೀತ ಸಿಗಾರ್ ಸೇದುತ್ತಿದ್ದರು. 1923ರಲ್ಲಿ ರೋಗ ಗೊತ್ತಾಯಿತು, ಅದೇ ವರ್ಷ ವಿಯೆನ್ನಾದ ಹಾನ್ಸ್ ಪಿಚ್ಲರ್ ಎಂಬ ಸರ್ಜನ್ ಬಲಗಡೆಯ ಮೇಲ್ದವಡೆಯನ್ನೂ ಅಂಗುಳದ ಭಾಗವನ್ನೂ ತೆಗೆದರು. ಮೇಲ್ದವಡೆ ತೆಗೆದರೆ ಬಾಯಿಗೂ ಮೂಗಿಗೂ ನಡುವಿನ ತಡಿಕೆ ಹೋಗುತ್ತದೆ: ಕುಡಿದ ನೀರು ಮೂಗಿನಲ್ಲಿ, ಮಾತೆಲ್ಲ ಮೂಗುದನಿ. ಅದನ್ನು ಮುಚ್ಚಲು ಹಲ್ಲಿನ ಸೆಟ್ಟಿಗೆ ಬಿರಡೆ ಸೇರಿಸಿದಂಥ ಸಾಧನ ಕೂರಿಸುತ್ತೇವೆ, ಆಬ್ಟ್ಯೂರೇಟರ್ ಅಂತ. ಫ್ರಾಯ್ಡ್ ಮನೆಯಲ್ಲಿ ಅದಕ್ಕೆ ‘ರಾಕ್ಷಸ’ ಅಂತಲೇ ಹೆಸರು. ಕೂರಿಸುವುದೂ ಯಾತನೆ, ತೆಗೆಯುವುದೂ ಯಾತನೆ. 1939ರಲ್ಲಿ ಲಂಡನ್ನಿನಲ್ಲಿ ತೀರಿಕೊಳ್ಳುವವರೆಗೆ 30ಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳಾದವು. ಅವರ ಕೊನೆಯ ಹದಿನಾರು ವರ್ಷದ ಬರವಣಿಗೆಯೆಲ್ಲ ಆ ಬಾಯಿ ಇಟ್ಟುಕೊಂಡೇ ಆದದ್ದು. ಸಿಗಾರ್ ಮಾತ್ರ ಬಿಡಲಿಲ್ಲ. ಚಟದ ಬಗ್ಗೆ ನಿಮ್ಮ ತರಗತಿಯಲ್ಲಿ ಪಾಠ ಬಂದಾಗ ಇದನ್ನು ಎತ್ತಿ. ಇವತ್ತಿನ ಆಬ್ಟ್ಯೂರೇಟರ್‌ಗಳು ಹಗುರ, ಅನೇಕರು ಹಾಕಿಕೊಂಡು ಫೋನಿನಲ್ಲಿ ಮಾತಾಡಿದರೆ ಗೊತ್ತೇ ಆಗುವುದಿಲ್ಲ.

ಪ್ರಶ್ನೆ: ನಿಮ್ಮಂಥ ವೈದ್ಯರು ಅಡಿಕೆಗೆ ಕೆಟ್ಟ ಹೆಸರು ತರುತ್ತಿದ್ದೀರಿ. ನಮ್ಮ ಹಿರಿಯರು ಎಲೆ ಅಡಿಕೆ ಹಾಕಿ ತೊಂಬತ್ತು ವರ್ಷ ಬದುಕಿದರು. ತಂಬಾಕಿನ ತಪ್ಪನ್ನು ಅಡಿಕೆಯ ತಲೆಗೆ ಏಕೆ ಕಟ್ಟುತ್ತೀರಿ?
— ಬೆಳೆಗಾರರು, ಸಿದ್ದಾಪುರ

ಉತ್ತರ: ನನ್ನ ಕಾಲೇಜಿನ ಫೀಸು ಕಟ್ಟಿದ್ದೇ ಅಡಿಕೆ ಮಾರಿದ ದುಡ್ಡಿನಲ್ಲಿ. ಈಗಲೂ ಅಣ್ಣನ ಮನೆಯ ಅಂಗಳದಲ್ಲಿ ಸುಗ್ಗಿಯಲ್ಲಿ ಬೇಯಿಸಿದ ಅಡಿಕೆ ಒಣಗುತ್ತದೆ. ದೇಶದಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವುದು ಕರ್ನಾಟಕ, ಬೆಲೆ ಕುಸಿದರೆ ಮಲೆನಾಡಿನಲ್ಲಿ ಮದುವೆಗಳೇ ಮುಂದೆ ಹೋಗುತ್ತವೆ ಅನ್ನುವುದು ನನಗೂ ಗೊತ್ತು. ಹಾಗಿದ್ದೂ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನೂ, ತಂಬಾಕಿಲ್ಲದ ಎಲೆ ಅಡಿಕೆಯನ್ನೂ ಮನುಷ್ಯರಿಗೆ ಕ್ಯಾನ್ಸರ್ ತರುವ ಮೊದಲ ಗುಂಪಿಗೆ ಸೇರಿಸಿತು. ಅದನ್ನು ಬರೆಯದೆ ಬಿಟ್ಟರೆ ಹುಬ್ಬಳ್ಳಿಯ ಆ ಹುಡುಗನಿಗೆ ನಾನು ಏನು ಹೇಳಲಿ? ನಿಮ್ಮ ಹಿರಿಯರು ಊಟದ ಮೇಲೆ ಒಂದು ಕವಳ ಹಾಕಿದ್ದಿರಬಹುದು. ಅವನು ಬೆಳಗಿನಿಂದ ರಾತ್ರಿಯವರೆಗೆ ಕೆನ್ನೆಯಲ್ಲಿ ಪುಡಿ ಇಟ್ಟುಕೊಂಡಿರುತ್ತಾನೆ. 2013ರಲ್ಲಿ ರಾಜ್ಯದಲ್ಲಿ ಗುಟ್ಕಾ ನಿಷೇಧವಾದ ಮೇಲೆ ಪಾನ್ ಮಸಾಲಾ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣವಾಗಿ ಒಂದೇ ಅಂಗಡಿಯಲ್ಲಿ ತೂಗಾಡುತ್ತಿವೆ. ನಿಮ್ಮ ಸಿಟ್ಟನ್ನು ಆ ಕಡೆಗೂ ಸ್ವಲ್ಪ ತಿರುಗಿಸಿ.

ಪ್ರಶ್ನೆ: ಅಮ್ಮನಿಗೆ ದವಡೆಗೆ ಕಾಲಿನ ಮೂಳೆ ಹಾಕಿ, ವಿಕಿರಣವೂ ಮುಗಿದಿದೆ. ನಾಲಿಗೆಗೆ ಏನೂ ಆಗಿಲ್ಲ. ಮುದ್ದೆ ಬೇಕು ಅಂತ ಹಟ. ಕೊಡಬಹುದಾ? ಹಲ್ಲು ಕಟ್ಟಿಸಬಹುದಾ?
— ಮದ್ದೂರು

ಉತ್ತರ: ಹಲ್ಲಿಗೆ ಅವಸರ ಬೇಡ. ಕಾಲಿನ ಮೂಳೆಗೆ ಇಂಪ್ಲಾಂಟ್ ಹಾಕಿ ಹಲ್ಲು ಕೂರಿಸುವುದು ಸಾಧ್ಯ. ಆದರೆ ವಿಕಿರಣ ಬಿದ್ದ ಮೂಳೆಗೆ ಸ್ಕ್ರೂ ಹಾಕುವ ಮೊದಲು ತಿಂಗಳುಗಟ್ಟಲೆ ಕಾಯಬೇಕು, ರೋಗ ಮರಳಿಲ್ಲ ಅಂತಲೂ ನೋಡಬೇಕು. ಕುಮಟಾದ ಟೀಚರಿಗೆ ಕೊಟ್ಟ ಉತ್ತರ ನಿಮಗೂ ಅನ್ವಯಿಸುತ್ತದೆ.

ಮುದ್ದೆಗೆ ಹಲ್ಲು ಬೇಡ ಅನ್ನುವುದು ನಿಮ್ಮ ಕಡೆಯವರಿಗೆ ನಾನು ಹೇಳಬೇಕಾಗಿಲ್ಲ. ಅದಕ್ಕೆ ಬೇಕಾದ್ದು ಹಿಂದಕ್ಕೆ ತಳ್ಳುವ ನಾಲಿಗೆ, ಜಾರಿಸುವ ಜೊಲ್ಲು. ನಾಲಿಗೆ ಇದೆ, ಜೊಲ್ಲು ಸಾಲದು. ಮೊದಲು ಅಂಬಲಿ ಕುಡಿಸಿ. ಒಮ್ಮೆಯೂ ಕೆಮ್ಮದೆ ಕುಡಿದರೆ, ಮುದ್ದೆಯನ್ನು ಮೆತ್ತಗೆ ತೊಳಸಿ, ಗೋಲಿಗಿಂತ ಚಿಕ್ಕ ತುತ್ತು ಮಾಡಿ, ತೆಳುಸಾರಿನಲ್ಲಿ ಅದ್ದಿ ಕೊಡಿ. ನೆಟ್ಟಗೆ ಕೂತು, ಗದ್ದ ಸ್ವಲ್ಪ ಕೆಳಗಿಟ್ಟು ನುಂಗಲಿ. ನುಂಗಿದ ಮೇಲೆ ಕೆಮ್ಮು ಬಂದರೆ ಅಥವಾ ದನಿ ಒದ್ದೆಯಾದಂತೆ ಕೇಳಿದರೆ ನಿಲ್ಲಿಸಿ, ಸ್ಪೀಚ್ ಥೆರಪಿಸ್ಟ್ ಹತ್ತಿರ ನುಂಗುವ ಪರೀಕ್ಷೆ ಮಾಡಿಸಿ. ಉಪ್ಸಾರಿನ ಖಾರ ಇನ್ನೂ ಸ್ವಲ್ಪ ತಿಂಗಳು ಬೇಡ. ಹಟ ಮಾಡಿದರೆ ನನ್ನ ಹೆಸರು ಹೇಳಿ ಬೈಸಿಕೊಳ್ಳಿ.